ಉದ್ದಿನಕಾಳು ಮುಳುಗುವಷ್ಟು ನೀರು

ನನ್ನ ಬಲಗಾಲಿನ ಗಿಣ್ಣಿನ ಮೇಲೆ, ಒಳಮಗ್ಗುಲಿಗೆ, ಹುಣಸೆಬೀಜದಷ್ಟು ಒಂದು ಕಲೆ ಇದೆ. ನೋವಿಲ್ಲ, ತುರಿಕೆಯಿಲ್ಲ, ಧೋತರದ ಕೆಳಗೆ ಯಾರಿಗೂ ಕಾಣುವುದೂ ಇಲ್ಲ. ಅಲ್ಲಿಂದ ಎರಡೂವರೆ ಅಡಿ ಉದ್ದದ ಒಂದು ಹುಳ ಇಪ್ಪತ್ತಮೂರು ದಿನ ತೆಗೆದುಕೊಂಡು ಹೊರಗೆ ಬಂದಿತು. ರಾಯಚೂರು ಕಡೆ ಆ ಕಾಲಕ್ಕೆ ಇದು ದೊಡ್ಡ ಸುದ್ದಿಯೇನಲ್ಲ. ದೇವದುರ್ಗದಲ್ಲಿ, ಮಾನವಿಯಲ್ಲಿ, ಬಾವಿಗೆ ಇಳಿದು ನೀರು ತರುವ ಎಷ್ಟೋ ಹಳ್ಳಿಗಳಲ್ಲಿ ಜನರ ಕಾಲಿನಿಂದ ಅದು ಬರುತ್ತಿತ್ತು. ಆದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆ ಹುಳ ಮನುಷ್ಯನ ಮೈ ಸೇರುವ ಬಗೆಯನ್ನು ಪ್ರತಿವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸುವವನು, ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಅದನ್ನೇ ಕೇಳುವವನು. ಹೀಗಾಗಿ ನನ್ನ ಕಾಲಿನಿಂದ ಬಂದದ್ದು ದೇವದುರ್ಗದಲ್ಲಿ ಸುದ್ದಿಯಾಯಿತು.

ಕಾಯಿಲೆಯ ವಿವರಕ್ಕಾಗಿ ಇದನ್ನು ಬರೆಯುತ್ತಿಲ್ಲ, ಅದು ಪಠ್ಯಪುಸ್ತಕದಲ್ಲಿದೆ. ನಾರುಹುಣ್ಣು ಬಂದವರು ಸಾಮಾನ್ಯವಾಗಿ ಅದನ್ನು ಮುಳ್ಳು ಚುಚ್ಚಿದ್ದು ಅಂತ ಹೇಳಿ ಬಟ್ಟೆ ಸುತ್ತಿಕೊಂಡು ಓಡಾಡುತ್ತಾರೆ. ನಾನು ಅದನ್ನೂ ಮೀರಿಸಿದ ಒಂದು ಸಂಗತಿಯನ್ನು ಮುಚ್ಚಿಟ್ಟೆ. ಮುಚ್ಚಿಟ್ಟ ಆ ಕೆಲವು ದಿನಗಳು ನೆನಪಿನಲ್ಲಿ ಹುಳಕ್ಕಿಂತ ಉದ್ದವಾಗಿವೆ.

ನಾನು ಚಿಂತೆಯ ಮನುಷ್ಯ. ಬಾಗಿಲಿಗೆ ಚಿಲಕ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ನಡೆದು, ಚಿಲಕ ಬಿದ್ದಿದೆಯೋ ಇಲ್ಲವೋ ನೋಡಲು ತಿರುಗಿ ಬಂದು, ಬಸ್ಸು ತಪ್ಪಿಸಿಕೊಂಡವನು. ಅದೂ ಒಂದು ಸಲವಲ್ಲ. ನೀರಿನ ವಿಷಯದಲ್ಲಂತೂ ನನ್ನನ್ನು ಸಹಿಸುವುದು ಕಷ್ಟ. ಮನೆಯಲ್ಲಿ ಕುಡಿಯುವ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು, ಆಮೇಲೆ ಕಾಯಿಸಬೇಕು. ಮಟಮಾರಿಯಲ್ಲಿ ಒಂದು ಮುಂಜಿವೆಗೆ ಹೋದಾಗ ನನ್ನ ನೀರನ್ನು ನಾನೇ ತಾಮ್ರದ ತಂಬಿಗೆಯಲ್ಲಿ ಒಯ್ದಿದ್ದೆ. ಆ ಮನೆಯ ಯಜಮಾನರು ಪಂಕ್ತಿಯ ನಡುವೆ ನಿಂತು, "ಮಾಸ್ತರಿಗೆ ನಮ್ಮ ಮನಿ ನೀರು ಸೇರಂಗಿಲ್ಲಪಾ, ಬರೇ ಹೋಳಿಗಿ ಸೇರ್ತದ" ಅಂದಿದ್ದರು. ಹೆಂಡತಿ ಸುಶೀಲಾಳ ತವರು ಚೀಕಲಪರ್ವಿ. ಅಲ್ಲಿ ಹೊಳೆಯ ನೀರನ್ನೂ ಸೋಸಿಯೇ ಕುಡಿದೆ. ಅಷ್ಟು ಜನ ಶರಣು ಹೋಗುವ ತುಂಗಭದ್ರೆಯನ್ನು ಅಳಿಯ ಧೋತರದ ತುದಿಯಲ್ಲಿ ಸೋಸಿದ್ದನ್ನು ನಮ್ಮ ಮಾವನವರು ಇಂದಿಗೂ ಮರೆತಿಲ್ಲ.

ನಮ್ಮದು ದೇವದುರ್ಗದ ಹಳೆಯ ಓಣಿ. ತುದಿಗೆ ಹನುಮಪ್ಪನ ಗುಡಿ, ಅದರ ಪಕ್ಕಕ್ಕೆ ಕಲ್ಲು ಮೆಟ್ಟಿಲಿನ ಬಾವಿ. ಗುಡಿಯ ಪೂಜೆ ಭೀಮಾಚಾರ್ಯನದು. ನಾವಿಬ್ಬರೂ ಒಂದೇ ಓಣಿಯ ಧೂಳಿನಲ್ಲಿ ಗೋಲಿ ಆಡಿದವರು. ಹೀಗಾಗಿ ಅವನು ಊರಿಗೆಲ್ಲ ಆಚಾರ್ಯರು, ನನಗೆ ಭೀಮ್ಯಾ. ಬೋರು ಕೊರೆದು ಕೈಪಂಪು ಹಾಕುವವರು ಊರಿಗೆ ಬಂದಾಗ ನಮ್ಮ ಓಣಿಗೂ ಒಂದು ಹಾಕುತ್ತೇವೆ ಅಂದರು. ಹಿರಿಯರು ಬೇಡ ಅಂದರು. ಪಂಪಿನ ಒಳಗೆ ಚರ್ಮದ ವಾಷರ್ ಇರುತ್ತದೆ, ಆ ನೀರು ಮಡಿಗೆ ಬರುವುದಿಲ್ಲ. ವಿಜ್ಞಾನದ ಮಾಸ್ತರನಾದ ನಾನು ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ. ಆ ಪಂಪು ಕೂಲಿ ಜನರ ಓಣಿಗೆ ಹೋಯಿತು. ನಾವು ಬಾವಿಗೆ ಇಳಿಯುತ್ತಲೇ ಇದ್ದೆವು.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಯುಗಾದಿ ಮುಗಿದು ಬಿಸಿಲು ಏರುತ್ತಿತ್ತು. ಮೊದಲು ಮೈಯೆಲ್ಲ ದದ್ದು, ಸಣ್ಣ ಜ್ವರ. ಆಮೇಲೆ ಕಾಲಿನ ಗಿಣ್ಣಿನ ಮೇಲೆ ಒಂದು ಬೊಬ್ಬೆ ಎದ್ದಿತು. ಒಳಗೆ ಕೆಂಡ ಇಟ್ಟ ಹಾಗೆ ಉರಿ. ನಾನು ಕುಷ್ಠವೇ ಇರಬೇಕು ಅಂತ ಒಂದು ದಿನ ಹೆದರಿದೆ. ಮರುದಿನ ಅದು ಕ್ಯಾನ್ಸರ್ ಆಯಿತು. ಪಡಸಾಲೆಯಲ್ಲಿ ಕೂತು ನನ್ನ ನಂತರ ಸುಶೀಲಾಳ ಗತಿ ಏನು ಅಂತ ಯೋಚಿಸುತ್ತಿದ್ದಾಗ ಅವಳು ಒಳಗಿನಿಂದ, "ಅಲ್ರೀ, ಬೊಬ್ಬಿ ಇಷ್ಟ ಅದ, ಮಾರಿ ಅಷ್ಟ್ಯಾಕ ಮಾಡೀರಿ?" ಅಂದಳು. ನಾರು ಎಂಬ ಮಾತು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ನಾರು ಸೋಸದೆ ಕುಡಿಯುವವರಿಗೆ ಬರುವ ರೋಗ. ಹಾಗೆಂದು ಕರಿಹಲಗೆಯ ಮೇಲೆ ಬರೆದವನೇ ನಾನು.

ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಬಾವಿಗೆ ಇಳಿದೆ. ಉರಿ ತಡೆಯಲಾಗುತ್ತಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟೆ. ಆ ಸುಖವನ್ನು ಹೇಗೆ ಹೇಳಲಿ? ಉರಿಯೆಲ್ಲ ಕಾಲ ಬೆರಳಿನ ತುದಿಯಿಂದ ಜಾರಿ ನೀರಿಗೆ ಹೋದಂತಾಯಿತು. ಬೊಬ್ಬೆ ಒಡೆದು ಹಾಲಿನಂತೆ ಏನೋ ಬೆಳ್ಳಗೆ ನೀರಲ್ಲಿ ಕರಗಿದ್ದನ್ನು ನೋಡಿದೆ. ಕೀವು ಹೋಯಿತು, ಒಳ್ಳೆಯದಾಯಿತು ಅಂದುಕೊಂಡೆ. ಮಂಗಳವಾರವೂ ಹಾಗೇ ಕೂತೆ, ಬುಧವಾರವೂ ಕೂತೆ. ಬುಧವಾರ ಸಂಜೆ ಹುಣ್ಣಿನ ನಡುವೆ ಬಿಳಿ ದಾರದ ತುದಿಯೊಂದು ಕಂಡಿತು. ಬಟ್ಟೆಯ ಎಳೆ ಅಂಟಿದೆ ಅಂತ ಎಳೆಯಲು ಹೋದೆ. ಅದು ತಾನಾಗಿ ಒಂದಿಷ್ಟು ಒಳಗೆ ಸರಿಯಿತು.

ಗುರುವಾರ ಮೊದಲ ಬಸ್ಸಿಗೆ ರಾಯಚೂರಿಗೆ ಹೋದೆ. ಸುಶೀಲಾ ಜೊತೆಗಿದ್ದಳು. ದವಾಖಾನೆಯ ವರಾಂಡದ ಬೆಂಚು ತುಂಬಿತ್ತು. ಮಾನವಿ ಕಡೆಯ ಒಬ್ಬ ಮುದುಕಿ ನನ್ನ ಕಾಲನ್ನೂ ನನ್ನ ಕೈಯೊಳಗಿನ ನೀರಿನ ತಂಬಿಗೆಯನ್ನೂ ನೋಡಿ, ತನ್ನ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಚಾಚ್ರೀ ಯಪ್ಪಾ ಇಲ್ಲೇ. ಮಡಚಿದ್ರ ಭಾಳ ಸೆಳೀತದ" ಅಂದಳು. ಅವಳ ಎರಡೂ ಕಾಲಿಗೆ ಬಟ್ಟೆ ಸುತ್ತಿತ್ತು.

"ನಿಮಗೇನಾಗ್ಯದ ಯವ್ವಾ?" ಅಂತ ಸುಶೀಲಾ ಕೇಳಿದಳು.

"ಅವರಿಗೆ ಆಗಿದ್ದ ನನಗೂ ಆಗ್ಯದ. ನಂದು ಎರಡು, ಅವರದು ಒಂದು." ಮುದುಕಿ ನನ್ನ ಕಡೆ ತಿರುಗಿದಳು. "ಹೊಸಬರೇನು? ಹೆದರಬ್ಯಾಡ್ರಿ. ಬರತನಾ ಉರೀತದ, ಬಂದಮ್ಯಾಲ ಬ್ಯಾಸರಾಗ್ತದ, ಅಷ್ಟ."

ಇಡೀ ಕಾಯಿಲೆಯ ಬಗ್ಗೆ ಇಷ್ಟು ನೇರವಾಗಿ ನನಗೆ ಮತ್ತಾರೂ ಹೇಳಲಿಲ್ಲ. ಡಾಕ್ಟರು ನನ್ನ ಕಾಲನ್ನು ಎರಡು ಕ್ಷಣ ನೋಡಿ, "ನಾರು" ಅಂದರು. ಕ್ಯಾನ್ಸರಿಗೆ ತಯಾರಾಗಿ ಹೋದವನಿಗೆ ಒಂದು ಗಳಿಗೆ ನಿರಾಸೆಯೇ ಆಯಿತು ಅಂದರೆ ನೀವು ನಗಬಹುದು. ಮರುಗಳಿಗೆಯಲ್ಲಿ ಕರಿಹಲಗೆಯ ಚಿತ್ರ ಪೂರ್ತಿ ಕಣ್ಣ ಮುಂದೆ ಬಂತು. ಹುಣ್ಣು, ಹುಣ್ಣಿನಿಂದ ನೀರಿಗೆ ಬಾಣದ ಗುರುತು, ನೀರಿನಲ್ಲಿ ಮರಿಗಳು, ಮರಿಗಳನ್ನು ತಿನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟ, ಅದರ ಹೊಟ್ಟೆಯಲ್ಲಿ ಎರಡು ವಾರ, ಅಲ್ಲಿಂದ ಕೊಡಕ್ಕೆ, ಬಾಯಿಗೆ. ಒಂದು ವರ್ಷದ ನಂತರ ಮತ್ತೊಂದು ಕಾಲು.

ಡಾಕ್ಟರು ಬರೆಯುತ್ತಲೇ ಕೇಳಿದರು: "ಹುಣ್ಣು ಒಡೆದಮ್ಯಾಲ ಬಾವಿಗೆ ಕಾಲು ಇಟ್ಟೀರೇನು?"

ಬಾಗಿಲಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಅವರಲ್ಲೊಬ್ಬ ನನ್ನನ್ನು ನೋಡಿ ಆಗಲೇ "ನಮಸ್ಕಾರ್ರೀ ಮಾಸ್ತರ" ಅಂದಿದ್ದ.

"ಇಲ್ಲ" ಅಂದೆ.

ಬಸ್ಸಿನಲ್ಲಿ ಹಿಂದಿರುಗುವಾಗ ಸುಶೀಲಾ ನಿಶ್ಚಿಂತೆಯಿಂದ ನಿದ್ದೆ ಮಾಡಿದಳು. ನಾನು ಬೆರಳು ಮಡಚಿ ದಿನ ಎಣಿಸಿದೆ. ಸೋಮವಾರದಿಂದ ಹಿಡಿದರೆ ಎರಡು ವಾರ. ಅಷ್ಟರೊಳಗೆ ಬಾವಿಗೆ ಔಷಧ ಬಿದ್ದರೆ ಆ ಚಿಗಟಗಳು ಸಾಯುತ್ತವೆ, ಯಾರಿಗೂ ಏನೂ ಆಗುವುದಿಲ್ಲ. ಔಷಧ ಬೀಳಬೇಕಾದರೆ ಓಣಿ ಒಪ್ಪಬೇಕು. ಓಣಿ ಒಪ್ಪಬೇಕಾದರೆ ನಾನು ಬಾಯಿ ಬಿಡಬೇಕು.

ಮರುದಿನ ದುರುಗಪ್ಪ ಬಂದ. ಆರೋಗ್ಯ ಇಲಾಖೆಯಲ್ಲಿ ಕೆಲಸ, ಮನೆಮನೆಗೆ ಹೋಗಿ ನಾರು ಸುತ್ತುವವನು. ಪಂಪು ಹೋದ ಓಣಿಯವನು. ನನ್ನದೇ ಹಳೆಯ ವಿದ್ಯಾರ್ಥಿ. ಕಟ್ಟೆಯ ಮೇಲೆ ಕೂತು ನನ್ನ ಕಾಲನ್ನು ತನ್ನ ಮಂಡಿಯ ಮೇಲೆ ಇಟ್ಟುಕೊಂಡ. ಮಾಸ್ತರನ ಕಾಲು ಹಿಡಿಯುವುದು ಅವನಿಗೆ ಸಹಜವಾಗಿತ್ತು. ಹಿಡಿಸಿಕೊಳ್ಳುವುದು ನನಗೆ ಕಷ್ಟವಾಗಿತ್ತು. ಬಕೆಟ್ಟಿನ ತಣ್ಣೀರನ್ನು ಹುಣ್ಣಿನ ಮೇಲೆ ಸುರಿದು, ಹೊರಬಂದ ದಾರದ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ, ಒಂದು ಸುತ್ತು, ಇನ್ನರ್ಧ ಸುತ್ತು ಎಳೆದು ನಿಲ್ಲಿಸಿದ.

"ಇಷ್ಟೇ?" ಅಂದೆ.

"ಇವತ್ತಿಗೆ ಇಷ್ಟರೀ ಸರ. ಅದು ಬರ್ತೀನಿ ಅಂದಷ್ಟ ಬರಬೇಕು. ನಾವು ಅವಸರ ಮಾಡಿದ್ರ ಒಳಗ ಹರೀತದ. ಹರದ್ರ ಕಾಲು ಬಾತು ಮೂರು ತಿಂಗಳು ಹಾಸಿಗಿ."

ಬಕೆಟ್ಟಿನ ನೀರನ್ನು ಒಯ್ದು ಬಿಸಿಲಿಗೆ ಕಾದ ನೆಲಕ್ಕೆ ಚೆಲ್ಲಿದ. ಹುಣ್ಣಿಗೆ ಪಟ್ಟಿ ಕಟ್ಟುತ್ತ, ತಲೆ ಎತ್ತದೆ, ಅವನೂ ಕೇಳಿದ: "ಬಾವಿಗೆ ಕಾಲು ಇಟ್ಟಿಲ್ಲಲ್ರೀ ಸರ?"

"ಇಲ್ಲೋ ಮಾರಾಯಾ."

"ನಿಮಗ ನಾ ಹೇಳೋದೇನದ ಬಿಡ್ರಿ. ನೀವ ಕಲಿಸಿದ್ದು."

ಹೋಗುವ ಮುಂದೆ ಅವನು ನೀರು ಕೇಳಿದ. ಸುಶೀಲಾ ಕಟ್ಟೆಯ ಮೂಲೆಯ ಗೂಡಿನಲ್ಲಿದ್ದ ಸ್ಟೀಲಿನ ಲೋಟಕ್ಕೆ ಮೇಲಿನಿಂದ ಹೊಯ್ದಳು. ಆ ಲೋಟ ಒಳಗೆ ಬರುವ ಲೋಟವಾಗಿರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ, ಅದಕ್ಕೆ ಬರೆದಿದ್ದೇನೆ.

ದಿನವೂ ಬಂದ. ದಿನಕ್ಕೆ ಒಂದು ಸುತ್ತು, ಎರಡು ಸುತ್ತು. ಕಡ್ಡಿಯನ್ನು ಪಟ್ಟಿಯ ಕೆಳಗೆ ಅಂಟಿಸಿಕೊಂಡು ನಾನು ಮಗ್ಗುಲಾಗದೆ ಮಲಗುತ್ತಿದ್ದೆ. ಸೋಮವಾರ, ಅಂದರೆ ನನ್ನ ಲೆಕ್ಕದ ಎಂಟನೆಯ ದಿನ, ಸುತ್ತುತ್ತ ಸುತ್ತುತ್ತ ಅವನು ಅಂದ: "ಒಂದು ತಿಳಿವಲ್ದರೀ ಸರ. ನೀವು ಸೋಸಿ ಕಾಸಿ ಕುಡಿಯೋರು. ನಿಮ್ಮ ತಂಬಿಗಿ ಸುದ್ದಿ ಊರಿಗೆಲ್ಲ ಗೊತ್ತದ. ಇದು ಎಲ್ಲಿಂದ ಹೊಕ್ಕಿತು?"

ಆ ಪ್ರಶ್ನೆಗೆ ನಾನು ಆಗಲೇ ಒಂದು ನೋಟ್‌ಬುಕ್ಕಿನಲ್ಲಿ ಹೋದ ಬೇಸಿಗೆಯ ಪ್ರಯಾಣಗಳನ್ನೆಲ್ಲ ಬರೆದಿಟ್ಟಿದ್ದೆ. ಓದಿ ಹೇಳಿದೆ. ಮಟಮಾರಿಯಲ್ಲಿ ಸ್ವಂತ ನೀರು. ಚೀಕಲಪರ್ವಿಯಲ್ಲಿ ಸೋಸಿದ ನೀರು. ಯರಗೇರಾದಲ್ಲಿ ಬಸ್ಸು ಕೆಟ್ಟು ನಿಂತಾಗ ಬಿಸಿ ಚಹಾ ಮಾತ್ರ. ನನಗೆ ಚೀಕಲಪರ್ವಿಯ ಮೇಲೆ ಸಂಶಯವಿತ್ತು. ಮಾವನವರ ಮನೆಯಲ್ಲಿ ಬಟ್ಟೆ ಒಂದೇ ಮಡಿಕೆಯಾಗಿದ್ದಿರಬಹುದು.

"ನಮ್ಮಪ್ಪನ ಮ್ಯಾಲ ಹಾಕ್ರಿ, ಅವರೇನು ಇಲ್ಲಿ ಕೇಳ್ಲಿಕ್ಕೆ ಕೂತಾರೇನು" ಅಂತ ಸುಶೀಲಾ ಒಳಗಿನಿಂದ ಅಂದಳು.

ದುರುಗಪ್ಪ ನಗಲಿಲ್ಲ. "ಊರ ಬಿಡ್ರಿ. ದಿನಾ ಬಾವಿಗಿ ಹೋಗಿ ಏನು ಮಾಡ್ತಿದ್ರಿ?"

"ಸ್ನಾನ."

"ಬಾಯಿ ಮುಕ್ಕಳಿಸ್ತೀರಿ?"

"ಉಗುಳ್ತೀನಿ. ನುಂಗಂಗಿಲ್ಲ."

"ಮತ್ತ?"

"ಮತ್ತ ಸಂಧ್ಯಾವಂದನಿ. ಮುಗಿಸಿ ಬರೋದು."

"ಅದು ಹೆಂಗ ಮಾಡ್ತೀರಿ? ತೋರಸ್ರಿ."

ಒಳ್ಳೆ ಪ್ರಶ್ನೆ ಕೇಳಿದ ಹುಡುಗನಿಗೆ ತೋರಿಸುವ ಹುರುಪಿನಲ್ಲೇ ತೋರಿಸಿದೆ. ಬಲಗೈಯನ್ನು ಹೀಗೆ ಕುಳಿ ಮಾಡಬೇಕು. ಉದ್ದಿನಕಾಳು ಮುಳುಗುವಷ್ಟು ನೀರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮಂತ್ರ ಹೇಳಿ ಸದ್ದಾಗದಂತೆ ತುಟಿಗೆ ಒಯ್ಯಬೇಕು. ಒಂದು ಸಲ, ಎರಡು ಸಲ, ಮೂರು ಸಲ. ಬರೀ ಅಂಗೈಯನ್ನು ಮೂರನೆಯ ಸಲ ತುಟಿಗೆ ತಂದಾಗ ನನ್ನ ಕೈ ಅಲ್ಲೇ ನಿಂತಿತು.

ದುರುಗಪ್ಪ ನನ್ನ ಅಂಗೈಯನ್ನೇ ನೋಡುತ್ತಿದ್ದ. "ಅದನ್ನ ಉಗುಳ್ತೀರೇನ್ರಿ ಸರ?"

ಆಚಮನವನ್ನು ಉಗುಳುವುದುಂಟೆ? ಆದರೆ ಎಂಟನೇ ವಯಸ್ಸಿನಿಂದ ಮಾಡಿಕೊಂಡು ಬಂದದ್ದನ್ನು ನಾನು ಯಾವತ್ತೂ ಕುಡಿಯುವುದು ಅಂತ ಎಣಿಸಿರಲಿಲ್ಲ. ಬಾಯಾರಿಕೆಗೆ ಕುಡಿದರೆ ಕುಡಿಯುವುದು. ಇದು ಆಚಮನ. ಊರೂರಿಗೆ ತಂಬಿಗೆ ಹೊತ್ತು ತಿರುಗಿದ ಮನುಷ್ಯ ದಿನವೂ ಬಾವಿಯ ಮೆಟ್ಟಿಲ ಮೇಲೆ ನಿಂತು, ಸೋಸದ ನೀರನ್ನು ಕಾಳು ಅಳತೆಯಲ್ಲಿ ಭಕ್ತಿಯಿಂದ ನುಂಗಿದ್ದ.

ಒಳಗೆ ಸುಶೀಲಾ ಸೆರಗು ಬಾಯಿಗಿಟ್ಟುಕೊಂಡದ್ದು ಕಾಣಿಸಿತು. ದುರುಗಪ್ಪ ಮಾತ್ರ ಗಂಭೀರವಾಗಿಯೇ ಇದ್ದ. "ಹಂಗಿದ್ರ ಹುಳಾ ನಿಮ್ಮ ಬಾವ್ಯಾಗ ಇತ್ತರೀ ಸರ. ಹೋದ ವರ್ಷ ಯಾರೋ ಕಾಲು ಉರೀತದ ಅಂತ ತಂಪು ಮಾಡಿಕೊಂಡಾರ. ಸುಮ್ಮನಿದ್ದಾರ."

ನಾನು ಒಣ ಅಂಗೈಯನ್ನೇ ಧೋತರಕ್ಕೆ ಒರೆಸಿಕೊಂಡೆ.

ಮಂಗಳವಾರ ಬೆಳಿಗ್ಗೆ ಎದುರು ಮನೆಯ ಗಂಗಕ್ಕ ಬಂದಳು. ಎಪ್ಪತ್ತರ ಹತ್ತಿರದ ವಿಧವೆ, ಒಬ್ಬಳೇ ಇರುವವಳು, ನನ್ನನ್ನು ಎತ್ತಿ ಆಡಿಸಿದವಳು. ಹೋದ ವರ್ಷ ಇದೇ ಹೊತ್ತಿಗೆ ಕಾಲಿಗೆ ಜಾಲಿ ಮುಳ್ಳು ಚುಚ್ಚಿ ಎರಡು ತಿಂಗಳು ಕುಂಟಿದ್ದಳು. ಆದರೂ ಒಂದು ದಿನ ಬಾವಿ ತಪ್ಪಿಸಿರಲಿಲ್ಲ. ಕೈಯಲ್ಲಿ ಸಣ್ಣ ಬೆಳ್ಳಿಯ ಬಟ್ಟಲಿತ್ತು.

"ನಿನಗ ಗುಡಿಗೆ ಹೋಗ್ಲಿಕ್ಕಾಗಂಗಿಲ್ಲ ಅಂತ ಹನುಮಪ್ಪನ ತೀರ್ಥ ತಂದೀನಿ ರಾಘು. ಕೈ ಹಿಡಿ."

ಹಿಡಿದೆ. ತುಳಸಿಯ ಎಸಳಿನ ಜೊತೆ ಒಂದು ಉದ್ಧರಣೆ ನೀರು ಅಂಗೈಗೆ ಬಿತ್ತು. ಭೀಮಾಚಾರ್ಯ ಬೆಳಗಾಗುತ್ತಲೇ ಬಾವಿಯಿಂದ ತುಂಬಿ ತಂದ ನೀರು. ದೇವರ ಮೇಲೆ ಸುರಿದು, ಗುಡಿಗೆ ಬಂದವರಿಗೆಲ್ಲ ಕೊಟ್ಟ ನೀರು. ಗಂಗಕ್ಕ ಆಗಲೇ ಕುಡಿದು ಬಂದಿದ್ದಳು; ಅವಳ ತುಟಿ ಇನ್ನೂ ಒದ್ದೆಯಿತ್ತು. ನಾನು ಅದನ್ನು ಬಾಯಿಗೆ ಒಯ್ಯಲಾರದೆ ತಲೆಯ ಮೇಲೆ ಸವರಿಕೊಂಡೆ.

"ಕುಡೀಲಿಲ್ಲಲ್ಲೋ?"

"ಆಮ್ಯಾಲೆ ಗಂಗಕ್ಕಾ" ಅಂದೆ. ಎಂಥ ಉತ್ತರ ಅದು. ಅವಳು ನನ್ನನ್ನು ಒಂದು ಸಲ ನೋಡಿ, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅವಳು ಹೋದ ಮೇಲೆ ಸುಶೀಲಾಳಿಗೆ ಹೇಳಿದೆ. ಸೋಮವಾರ, ಮಂಗಳವಾರ, ಬುಧವಾರ, ಮೂರನ್ನೂ ಹೇಳಿದೆ. ಡಾಕ್ಟರಿಗೂ ದುರುಗಪ್ಪನಿಗೂ ಸುಳ್ಳು ಹೇಳಿದ್ದನ್ನು ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಮೂರು ಸಲ ಎದ್ದು ಚಿಲಕಾ ನೋಡೋ ಮನುಷ್ಯಾರು ನೀವು. ಊರ ನೀರಿನ ಬಾಗ್ಲಾ ತಗದಿಟ್ಟು ಎಂಟು ದಿನ ಸುಮ್ಮನ ಮಲಗಿದ್ರಲ್ಲ."

"ಏನಂತ ಹೇಳ್ಲೇ? ಮಾಸ್ತರ ಬಾವಿಗೆ ಹುಳಾ ಬಿಟ್ಟ ಅಂತಾರ."

"ಅನ್ಲಿ. ಬಿಟ್ಟೀರಲ್ಲ." ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. ಅಕ್ಕಿಯಿಂದ ಕಣ್ಣು ತೆಗೆಯದೆ, ಮೆತ್ತಗೆ, "ಗುಡಿತನಾ ಊರಿಕೊಂಡು ನಡೀಲಿಕ್ಕೆ ಬಡಗಿ ಕೊಡ್ತೀನಿ. ನಾನೂ ಬರ್ತೀನಿ" ಅಂದಳು.

ಸಂಜೆಯ ಮಂಗಳಾರತಿಗೆ ಗುಡಿಯಲ್ಲಿ ಹದಿನೈದಿಪ್ಪತ್ತು ಜನ ಇದ್ದರು. ಆರತಿ ಮುಗಿದು ಭೀಮಾಚಾರ್ಯ ತೀರ್ಥದ ಪಾತ್ರೆ ಎತ್ತಿಕೊಂಡಾಗ ನಾನು ಕೋಲೂರಿ ನಿಂತು, "ಭೀಮ್ಯಾ, ಕೊಡಬ್ಯಾಡ. ಮೊದಲ ನಾ ಒಂದು ಮಾತು ಹೇಳ್ತೀನಿ" ಅಂದೆ. ವರ್ಗದಲ್ಲಿ ನಲವತ್ತು ನಿಮಿಷ ತಡೆಯಿಲ್ಲದೆ ಮಾತಾಡುವ ನಾನು ಅವತ್ತು ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಬೆವೆತೆ. ನನಗಿರುವುದು ನಾರು. ಹುಣ್ಣು ಒಡೆದ ಮೇಲೆ ಮೂರು ದಿನ ಬಾವಿಯಲ್ಲಿ ಕಾಲಿಟ್ಟಿದ್ದೇನೆ. ಇವತ್ತಿಗೆ ಒಂಬತ್ತು ದಿನ. ಇನ್ನೈದು ದಿನದೊಳಗೆ ಬಾವಿಗೆ ಔಷಧ ಹಾಕಿಸಬೇಕು, ಅಲ್ಲಿಯವರೆಗೆ ಸೋಸದ ನೀರು ಯಾರ ಬಾಯಿಗೂ ಹೋಗಬಾರದು, ತೀರ್ಥವೂ ಹೋಗಬಾರದು.

ಓಣಿಯ ಹಿರಿಯರಾದ ವೆಂಕೋಬರಾಯರು, ಬೋರಿನ ಪಂಪು ಬೇಡ ಅಂದವರಲ್ಲಿ ಮೊದಲಿಗರು, ಗಂಟಲು ಸರಿಮಾಡಿಕೊಂಡರು. "ಔಷಧ ಹಾಕಿದ ನೀರು ಮಡಿಗೆ ಬರ್ತದೇನು? ಅದೂ ಹಾಕಾಂವ ಯಾರು, ಆ ದುರುಗಪ್ಪ ಅಲ್ಲೇನು? ಅಂವ ಬಾವಿಗೆ ಇಳಿಯಾಂವಾ?"

ನಾನು ಬಾಯಿ ತೆರೆಯುವ ಮೊದಲೇ ಭೀಮಾಚಾರ್ಯ ತೀರ್ಥದ ಪಾತ್ರೆಯನ್ನು ಕೆಳಗಿಟ್ಟ. ನನ್ನನ್ನು ನೋಡಿ ಅಲ್ಲ, ಪಾತ್ರೆಯನ್ನು ನೋಡಿ ಮಾತಾಡಿದ.

"ಹುಳದ ನೀರು ದೇವರ ಮ್ಯಾಲ ಹಾಕು ಅಂತ ಯಾವ ಶಾಸ್ತ್ರದಾಗ ಅದರೀ ರಾಯರ? ದಿನಾ ಹಾಕೀನಿ ನಾನು. ನಾಳಿಂದ ನನ್ನ ಮಡಿ ಪಂಜಿ ನಾಕು ಮಡಿಕಿ ಮಾಡಿ ಸೋಸ್ತೀನಿ. ಔಷಧ ಹಾಕಾಂವ ಇಳೀಲಿ. ನಾವೆಲ್ಲಾ ಇಳಿದೇ ಇದಾಗಿದ್ದು." ಆಮೇಲೆ ನನ್ನ ಕಡೆ ತಿರುಗಿದ. "ಲೇ ರಾಘ್ಯಾ, ಇದನ್ನ ಎಂಟು ದಿನದ ಹಿಂದ ಹೇಳ್ಲಿಕ್ಕೆ ಏನಾಗಿತ್ತು ನಿನಗ?"

"ನಾಚಿಕಿ" ಅಂದೆ.

"ಹೂಂ" ಅಂದ.

ಕತ್ತಲಾದ ಮೇಲೆ ಗಂಗಕ್ಕ ನಮ್ಮ ಮನೆಗೆ ಬಂದಳು. ಸುಶೀಲಾಳನ್ನು ಒಳಗೆ ಕಳಿಸಿ ನನ್ನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು. ಸೀರೆಯನ್ನು ಒಂದಿಷ್ಟು ಸರಿಸಿ ಎಡಗಾಲು ತೋರಿಸಿದಳು. ಪಾದದ ಮೇಲೆ ಹುಣಸೆಬೀಜದಷ್ಟು ಕಲೆ.

"ಹೋದ ವರ್ಷ ನಂದು ಮುಳ್ಳಲ್ಲೋ ರಾಘು" ಅಂದಳು. "ಉರಿ ತಡೀಲಿಕ್ಕಾಗ್ಲಿಲ್ಲ. ನಾನೂ ಅಲ್ಲೇ ಕೂಡ್ತಿದ್ದೆ, ಅದ ಮೆಟ್ಟಲ ಮ್ಯಾಲ. ಯಾರಿಗೆ ಹೇಳ್ಲಿ? ನಿನಗ ಆಗಿದ್ದು ನನ್ನಿಂದ ಅಲ್ಲೇನು?"

ಒಂದು ವಾರದಿಂದ ನಾನು ಹುಡುಕುತ್ತಿದ್ದ ಉತ್ತರ ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿತ್ತು. ಸಿಟ್ಟು ಬರಬೇಕಿತ್ತೋ ಏನೋ. ಬಂದದ್ದು ಮಾತ್ರ ದೊಡ್ಡ ನಿರಾಳ. ಆ ಮೆಟ್ಟಿಲ ಮೇಲೆ ನಾನೊಬ್ಬನೇ ಕೂತಿರಲಿಲ್ಲ.

"ನೋವು ಭಾಳಿತ್ತೇನು ಗಂಗಕ್ಕಾ?" ಅಂತ ಕೇಳಿದೆ.

"ಅಯ್ಯ, ಅದನ್ನ ಕೇಳಬ್ಯಾಡ" ಅಂದಳು. ಆಮೇಲೆ ಇಬ್ಬರೂ ಬಹಳ ಹೊತ್ತು ಅದನ್ನೇ ಮಾತಾಡಿದೆವು. ಎಲ್ಲಿಂದ ಸೆಳೆಯುತ್ತಿತ್ತು, ಯಾವ ಹೊತ್ತಿಗೆ ಹೆಚ್ಚು, ಅವಳು ಕಡ್ಡಿಯ ಬದಲು ಹತ್ತಿಯ ಬತ್ತಿಗೆ ಸುತ್ತಿಕೊಂಡದ್ದು. ಮರುದಿನ ಓಣಿಯಲ್ಲಿ ಇನ್ನೆರಡು ಮುಳ್ಳುಗಳು ನಾರುಗಳಾದವು. ಪಟ್ಟಿ ಬಿಚ್ಚಿ ತೋರಿಸಿದವರನ್ನು ದುರುಗಪ್ಪ ತನ್ನ ರಿಜಿಸ್ಟರಿನಲ್ಲಿ ಬರೆದುಕೊಂಡ.

ಅವನ ಹತ್ತಿರ ನಾನೇ ಮಾತು ತೆಗೆದೆ. "ನಿನಗ ಸುಳ್ಳು ಹೇಳಿದ್ದೆ ದುರುಗಪ್ಪಾ."

"ಗೊತ್ತಿತ್ತರೀ ಸರ. ಬೊಬ್ಬಿ ಬಾವ್ಯಾಗ ಒಡದದ್ದೋ ಹಾಸಿಗ್ಯಾಗ ಒಡದದ್ದೋ, ದಿನಾ ಹುಣ್ಣು ನೋಡೋರಿಗೆ ತಿಳೀತದ."

"ಮತ್ತ ಯಾಕ ಬಿಡಿಸಿ ಕೇಳಲಿಲ್ಲ?"

ಅವನು ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿದ. "ಎಳದ್ರ ಹರೀತದಲ್ರೀ. ನಿನ್ನೆ ನೀವು ಗುಡ್ಯಾಗ ಹೇಳಿರದಿದ್ರ ಇವತ್ತು ಸಾಹೇಬರ ಮುಂದ ನಾನ ಹೇಳಾಂವಿದ್ದೆ. ಅಷ್ಟರತನಾ ಕಾದು ನೋಡಿದೆ."

ಗುರುವಾರ ಅವನೂ ಅವನ ಮೇಲಧಿಕಾರಿಯೂ ಔಷಧದ ಡಬ್ಬಿ ತಂದರು. ನೀರು ಎಷ್ಟಿದೆ ಅಂತ ಅಳೆಯದೆ ಔಷಧ ಹಾಕುವ ಹಾಗಿಲ್ಲ. ದುರುಗಪ್ಪ ಕಲ್ಲು ಕಟ್ಟಿದ ಹಗ್ಗ ಹಿಡಿದು ಮೆಟ್ಟಿಲಿಳಿದ. ಓಣಿಯ ಜನ ಕಟ್ಟೆಯ ಸುತ್ತ ನಿಂತು ನೋಡಿದರು. ವೆಂಕೋಬರಾಯರು ಮನೆಯಿಂದ ಹೊರಗೆ ಬರಲಿಲ್ಲ. ಉದ್ದ, ಅಗಲ, ಆಳ ಅಳೆದು, ಔಷಧವನ್ನು ನೀರಿನಲ್ಲಿ ಕಲಸಿ, ನಾಲ್ಕೂ ಮೂಲೆಗೆ ಚೆಲ್ಲಿ, ಅವನು ಮೇಲೆ ಬಂದು ನನ್ನ ಪಕ್ಕ ನಿಂತ. ಹಣೆ ಒರೆಸಿಕೊಂಡ.

"ನಮ್ಮ ಆಯಿ ಇದ ಕಟ್ಟಿ ಮುಂದ ಕೊಡಾ ಇಟ್ಟು ಕಾಯ್ತಿದ್ಲರೀ ಸರ, ಯಾರರೆ ಹಾಕ್ತಾರೇನು ಅಂತ" ಅಂದ. ಬಾವಿಯೊಳಗೆ ಬಗ್ಗಿ ನೋಡಿದ. "ಒಳಗ ಇಷ್ಟು ತಂಪಿರ್ತದ ಅಂತ ಗೊತ್ತಿರಲಿಲ್ಲ."

ನನ್ನ ಹುಳ ಇಪ್ಪತ್ತಮೂರನೆಯ ದಿನ ಪೂರ್ತಿ ಬಂತು. ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಇಷ್ಟು ದಿನ ಜೀವ ಹಿಂಡಿದ್ದು ಒಣಗಿದ ಶ್ಯಾವಿಗೆಯ ಎಳೆಯಂತಿತ್ತು. ಕಾಲು ಹದಿನೈದು ದಿನದಲ್ಲಿ ಮಾಗಿತು. ಕಾಯಿಲೆ ಮುಗಿಯಿತು, ಕಾಯುವುದು ಶುರುವಾಯಿತು. ನನ್ನ ಆ ಮೂರು ಬೆಳಗಿನ ಫಲ ತಿಳಿಯಲು ಇನ್ನೊಂದು ಬೇಸಿಗೆ ಬರಬೇಕಿತ್ತು. ಔಷಧ ಸಾಕಾಯಿತೋ ಇಲ್ಲವೋ, ಆ ಒಂಬತ್ತು ದಿನದಲ್ಲಿ ಯಾರಾದರೂ ನುಂಗಿದರೋ, ನನ್ನ ಲೆಕ್ಕ ಸರಿಯಿದೆಯೋ. ವಿಜ್ಞಾನದಲ್ಲಿ ಉತ್ತರ ಇತ್ತು. ಅದನ್ನು ನಂಬುವ ಧೈರ್ಯ ಮಾಸ್ತರನಿಗೆ ಇರಲಿಲ್ಲ.

ಮುಂದಿನ ಯುಗಾದಿಯಿಂದ ನಾನು ಜನರ ಮುಖ ನೋಡಿ ಮಾತಾಡುವುದನ್ನೇ ಬಿಟ್ಟೆ. ಯಾರು ಎದುರಾದರೂ ಕಣ್ಣು ಕಾಲಿಗೆ ಹೋಗುತ್ತಿತ್ತು. ಗುಡಿಗೆ ಬಂದವರ ಕಾಲು, ಸಂತೆಯಲ್ಲಿ ಸಿಕ್ಕವರ ಕಾಲು. ವೆಂಕೋಬರಾಯರು ಹೊಸ ಚಪ್ಪಲಿ ಕಚ್ಚಿ ಕುಂಟಿದಾಗ ಅವರ ಹಿಂದೆ ಪೋಸ್ಟಾಫೀಸಿನವರೆಗೆ ನಡೆದು, "ಏನು ಮಾಸ್ತರ, ಚಪ್ಪಲಿ ಬೇಕಾಗ್ಯದೇನು ನಿಮಗ?" ಅನ್ನಿಸಿಕೊಂಡೆ. ಗಂಗಕ್ಕ ಮಾತ್ರ ನನ್ನ ಕಷ್ಟ ಬಲ್ಲವಳು. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಸೀರೆಯನ್ನು ನಾಲ್ಕು ಬೆರಳು ಎತ್ತಿ, "ನೋಡ್ಕೋ ರಾಘು, ಏನೂ ಇಲ್ಲ" ಅಂತ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಭೀಮಾಚಾರ್ಯ ತೀರ್ಥದ ನೀರನ್ನು ನಾಲ್ಕು ಮಡಿಕೆ ಪಂಜೆಯಲ್ಲಿ ಸೋಸುತ್ತಲೇ ಇದ್ದ. ನನ್ನ ಆಚಮನಕ್ಕೆ ಸುಶೀಲಾ ಸೋಸಿದ ನೀರನ್ನು ಪುಟ್ಟ ತಂಬಿಗೆಯಲ್ಲಿ ಕೊಟ್ಟು ಕಳಿಸುತ್ತಿದ್ದಳು.

ಆ ಬೇಸಿಗೆ ಬಂದು ಹೋಯಿತು. ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ದುರುಗಪ್ಪ ರಿಜಿಸ್ಟರು ಹಿಡಿದು ಬಂದು ಕಟ್ಟೆಯ ಮೇಲೆ ಕೂತ. ಓಣಿಯ ಮನೆಗಳನ್ನೆಲ್ಲ ಮುಗಿಸಿ ನಮ್ಮ ಮನೆಗೆ ಕೊನೆಗೆ ಬಂದಿದ್ದ. ಬೆರಳಿಟ್ಟು ಓದಿದ: ಗಂಗಕ್ಕ, ಇಲ್ಲ. ಆಚಾರ್ಯರ ಮನಿ, ಇಲ್ಲ. ವೆಂಕೋಬರಾಯರ ಮನಿ, ಇಲ್ಲ. ಹೆಸರಿಗೊಂದು 'ಇಲ್ಲ' ಕೇಳುತ್ತ ನಾನು ಗೋಡೆಗೆ ಒರಗಿದೆ. ಪುಟ ಮುಗಿಯಿತು. ಯಾರಿಗೂ ಇರಲಿಲ್ಲ.

"ಇನ್ನು ನೀವರೀ ಸರ. ಕಾಲು ತೋರಸ್ರಿ."

"ನಂದ್ಯಾಕ?"

"ಹೋದ ವರ್ಷ ನೀವೂ ಆ ನೀರು ಕುಡದೀರಲ್ಲ."

ನಾನು ದಿಗಿಲುಬಿದ್ದು ಧೋತರ ಎತ್ತಿದೆ. ಎರಡೂ ಕಾಲು ಸ್ವಚ್ಛವಾಗಿದ್ದವು. ದಿಗಿಲಿಗೆ ಕಾರಣ ಅದಲ್ಲ. ಹುಟ್ಟಿದಾಗಿನಿಂದ ಒಂದು ಸೀನು ಬಂದರೂ ನಾಡಿ ಹಿಡಿದುಕೊಂಡ ನಾನು, ಆ ನಾಲ್ಕು ತಿಂಗಳಲ್ಲಿ ಊರಿನ ಕಾಲನ್ನೆಲ್ಲ ನೋಡಿದ್ದೆ, ನನ್ನ ಕಾಲನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ದುರುಗಪ್ಪ ನನ್ನ ಹೆಸರಿನ ಮುಂದೆಯೂ 'ಇಲ್ಲ' ಬರೆದು ರಿಜಿಸ್ಟರು ಮುಚ್ಚಿದ.

"ಅವ್ವಾರ, ಕುಡೀಲಿಕ್ಕೆ ನೀರು ಕೊಡ್ರಿ" ಅಂದ.

ಸುಶೀಲಾ ಒಳಗಿನಿಂದ ನೀರು ತಂದಳು. ನಾನು ಕುಡಿಯುವ ಲೋಟದಲ್ಲೇ ತಂದು ಅವನ ಕೈಗೇ ಕೊಟ್ಟಳು. ಗೂಡಿನ ಲೋಟ ಯಾವಾಗ ಒಳಗಿನ ಪಾತ್ರೆಗಳ ಜೊತೆ ಸೇರಿಹೋಯಿತೋ ನಾನು ಗಮನಿಸಿರಲಿಲ್ಲ; ಅದರ ಬಗ್ಗೆ ನಾವು ಮಾತಾಡಿಯೂ ಇರಲಿಲ್ಲ. ಅವನು ಲೋಟವನ್ನು ತುಟಿಯವರೆಗೆ ಒಯ್ದು ನಿಲ್ಲಿಸಿದ. ಕಟ್ಟೆಯಿಂದ ಒಂದಿಷ್ಟು ಮುಂದಕ್ಕೆ ಬಾಗಿ, ಬೆಳಕಿಗೆ ಹಿಡಿದು, ನೀರಿನೊಳಗೆ ನೋಡಿದ. ಆಮೇಲೆ ಸುಶೀಲಾಳ ಮುಖ ನೋಡಿದ.

"ಸೋಸೀರೇನ್ರಿ?"

"ಎರಡು ಸಲ" ಅಂದಳು ಸುಶೀಲಾ.

ಅವನು ಕುಡಿದ.